ಆ ಕೊನೆಯ ದೃಶ್ಯವನ್ನು ಕತ್ತರಿಸಬೇಡಿ

ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಹಿರಿಯರೊಬ್ಬರು ಬರೆದಿದ್ದನ್ನು ಎರಡು ಸಲ ಓದಿದೆ. ದಾರಿ ತಪ್ಪಿದ ಹುಡುಗರ ಕಥೆಯನ್ನು ನಾಟಕ ಮಾಡಿ ಮಕ್ಕಳಿಗೆ ತೋರಿಸುವುದು ತಪ್ಪು, ಅದನ್ನು ನೋಡಿ ಮಕ್ಕಳು ಎದುರು ಮಾತಾಡುವುದನ್ನು ಕಲಿಯುತ್ತಾರೆ, ಸಾವಿನಲ್ಲಿ ಮುಗಿಯುವ ನಾಟಕವಂತೂ ಮಕ್ಕಳಿಗೆ ಅಪಾಯ, ಅಪ್ಪ ಅಮ್ಮನನ್ನು ವಿಲನ್ ಮಾಡುವುದು ಈಗಿನ ಫ್ಯಾಷನ್ ಆಗಿಬಿಟ್ಟಿದೆ ಅನ್ನುವುದು ಅವರ ದೂರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ನಾನು ಅಂಥದ್ದೇ ಒಂದು ನಾಟಕದಲ್ಲಿ ಅಪ್ಪನ ಪಾತ್ರ ಮಾಡುತ್ತಿದ್ದೇನೆ. ರಂಗದ ಮೇಲೆ ನಿಂತವನಿಗೆ ಕಾಣುವುದೇ ಬೇರೆ. ಅದನ್ನು ಹೇಳಲೇಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ಸಾಧ್ಯವಾದರೆ ಪೂರ್ತಿ ಹಾಕಿ.

ನಮ್ಮದು ಹವ್ಯಾಸಿ ತಂಡ. ಎಲ್ಲರೂ ಕೆಲಸ, ಓದು ಮುಗಿಸಿಕೊಂಡು ಸಂಜೆ ತಾಲೀಮಿಗೆ ಬರುವವರು. ನಾಟಕವನ್ನೂ ನಾವೇ ಕೂತು ಕಟ್ಟಿದ್ದು. ಕಥೆ ಸರಳ. ಹದಿನೇಳರ ಹುಡುಗ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿದ್ದಾನೆ. ಮನೆಯಲ್ಲಿ ಹೇಳಿಲ್ಲ. ದಿನಾ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಡುತ್ತಾನೆ, ಸಂಜೆ ವಾಪಸ್ ಬರುತ್ತಾನೆ, ಮಧ್ಯದ ಇಡೀ ದಿನ ಎಲ್ಲಿರುತ್ತಾನೋ ಯಾರಿಗೂ ಗೊತ್ತಿಲ್ಲ. ಅಪ್ಪನಿಗೆ ಗೊತ್ತಾಗುವ ದಿನವೇ ನಾಟಕದ ದಿನ. ಅಪ್ಪ ಮಗನ ಜಗಳವೇ ನಾಟಕದ ಮುಕ್ಕಾಲು ಪಾಲು. ಮನೆಯಲ್ಲಿ ಅಜ್ಜನೂ ಇದ್ದಾನೆ, ಮೂಲೆಯ ಕುರ್ಚಿಯಲ್ಲಿ, ಮಾತೇ ಇಲ್ಲ. ಕೊನೆಗೆ ಮಗ ಬಾಗಿಲು ತೆಗೆದು ಹೊರಗೆ ಹೋಗುತ್ತಾನೆ. ಅವನ ಹಿಂದೆ ಹೋಗುವುದು ಅಪ್ಪ ಅಲ್ಲ, ಅಜ್ಜ. ಕೊನೆಯ ದೃಶ್ಯದಲ್ಲಿ ಅಜ್ಜ ಮೊಮ್ಮಗ ಇಬ್ಬರೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಬದುಕುವುದೇ ಬೇಡ ಅನ್ನಿಸಿತ್ತು ಎಂದು ಹುಡುಗ ಮೊದಲ ಸಲ ಬಾಯಿಬಿಟ್ಟು ಹೇಳುತ್ತಾನೆ. ಅಜ್ಜ ಬುದ್ಧಿ ಹೇಳುವುದಿಲ್ಲ. ನನಗೂ ಒಂದು ಕಾಲದಲ್ಲಿ ಹಾಗನ್ನಿಸಿತ್ತು ಅನ್ನುತ್ತಾನೆ, ಆಗ ಯಾರ ಹತ್ತಿರ ಹೇಳಿಕೊಂಡೆ ಅಂತಲೂ ಹೇಳುತ್ತಾನೆ. ನಾಳೆ ನಾವಿಬ್ಬರೂ ಡಾಕ್ಟರ ಹತ್ತಿರ ಹೋಗೋಣ, ನಿನ್ನ ಅಪ್ಪನಿಗೆ ನಾನು ಹೇಳ್ತೀನಿ ಅನ್ನುತ್ತಾನೆ. ಅಷ್ಟೇ ನಾಟಕ.

ಒಂದು ಶಾಲೆಯವರು ನಮ್ಮನ್ನು ಪ್ರಯೋಗಕ್ಕೆ ಕರೆದಿದ್ದರು. ದಿನ ನಿಗದಿಯಾಗಿತ್ತು. ಒಂದು ವಾರ ಇರುವಾಗ ಫೋನ್ ಬಂತು. ನಾಟಕ ಇರಲಿ, ಕೊನೆಯ ದೃಶ್ಯ ತೆಗೆದುಬಿಡಿ, ಸಾವಿನ ಮಾತು ಮಕ್ಕಳ ಕಿವಿಗೆ ಬೀಳುವುದು ಬೇಡ ಅಂದರು. ನಮ್ಮ ನಿರ್ದೇಶಕಿ ಒಪ್ಪಲಿಲ್ಲ. ಪ್ರಯೋಗ ರದ್ದಾಯಿತು.

ಯೋಚನೆ ಮಾಡಿ ನೋಡಿ. ಆ ದೃಶ್ಯ ತೆಗೆದರೆ ಉಳಿಯುವುದೇನು? ಜಗಳ, ಕೂಗಾಟ, ಮಗ ಬಾಗಿಲು ತೆಗೆದು ಕತ್ತಲೆಗೆ ಹೋಗುವುದು, ಪರದೆ. ಸಭಾಂಗಣದಲ್ಲಿ ಅಂಥದ್ದೇ ಸ್ಥಿತಿಯಲ್ಲಿ ಕೂತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದರೆ ಆ ಕತ್ತಲೆಯನ್ನೇ ಮನೆಗೆ ತೆಗೆದುಕೊಂಡು ಹೋಗಬೇಕು. ಬೇಡವಾದ ಮಾತನ್ನು ತೆಗೆಯುತ್ತೇವೆ ಅಂದುಕೊಂಡು ಅವರು ತೆಗೆಯಲು ಹೊರಟಿದ್ದು ಕೈಹಿಡಿಯುವ ಮಾತನ್ನು.

ಇನ್ನು ಎದುರು ಮಾತಾಡುವುದನ್ನು ಕಲಿಸುತ್ತದೆ ಅನ್ನುವ ದೂರಿನ ಬಗ್ಗೆ. ತಾಲೀಮಿನ ಮೂರನೇ ವಾರ ಒಂದು ಸಂಗತಿ ನಡೆಯಿತು. ನನ್ನ ಮಗನ ಪಾತ್ರ ಮಾಡುವ ಹುಡುಗನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಜಗಳದ ನಡುವೆ ಅಪ್ಪ ಕೈ ಎತ್ತುವ ಜಾಗ ಒಂದಿದೆ. ಹೊಡೆಯುವುದಿಲ್ಲ, ಎತ್ತುತ್ತಾನೆ ಅಷ್ಟೆ. ಆವತ್ತು ಅಭಿನಯ ಇರಲಿಲ್ಲ, ಕೂತಲ್ಲೇ ಕೂತು ಸುಮ್ನೆ ಮಾತು ಒಪ್ಪಿಸುತ್ತಿದ್ದೆವು. ಆ ಮಾತು ಬರುವ ಹೊತ್ತಿಗೆ ಸರಿಯಾಗಿ ನಾನು ಕನ್ನಡಕ ಸರಿ ಮಾಡಿಕೊಳ್ಳಲು ಕೈ ಎತ್ತಿದೆ. ಎದುರಿಗಿದ್ದ ಹುಡುಗನ ಭುಜ ಕಿವಿಯ ತನಕ ಏರಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಒಂದೇ ಕ್ಷಣ. ಆಮೇಲೆ ಅವನೇ ನಕ್ಕು ‘ಸಾರಿ ಸರ್, ಮುಂದೆ ಹೇಳಿ’ ಅಂದ. ನಿರ್ದೇಶಕಿ ಏನೂ ಕೇಳಲಿಲ್ಲ, ಎಲ್ಲರೂ ನೀರು ಕುಡಿದು ಬನ್ನಿ ಅಂದರು. ನನ್ನ ಕೈ ಎಷ್ಟೋ ಹೊತ್ತು ತೊಡೆಯ ಮೇಲೆಯೇ ಇತ್ತು.

ಅಪ್ಪ ಕೈ ಎತ್ತಿದಾಗ ಮಗ ಅಲುಗಾಡದೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು ಅಂತ ನಾವು ಮೊದಲು ಬರೆದುಕೊಂಡಿದ್ದೆವು. ಆವತ್ತೇ ಅದನ್ನು ಹೊಡೆದುಹಾಕಿದೆವು. ಈಗ ಮಗನ ಭುಜ ಏರುತ್ತದೆ. ಆ ಹೊತ್ತಿಗೆ ಸಭಾಂಗಣದಲ್ಲಿ ಮಕ್ಕಳು ಕಲ್ಲಿನ ಹಾಗೆ ಕೂತಿರುತ್ತಾರೆ. ಕುರ್ಚಿಯಲ್ಲಿ ಅಲುಗಾಡುವವರು ದೊಡ್ಡವರು. ಆ ಕಿರ್ರೆನ್ನುವ ಸದ್ದು ನನಗೆ ರಂಗದ ಮೇಲಕ್ಕೇ ಕೇಳಿಸುತ್ತದೆ. ಮಕ್ಕಳಿಗೆ ನಾವು ಹೊಸದಾಗಿ ಏನನ್ನೂ ಕಲಿಸುತ್ತಿಲ್ಲ, ಸ್ವಾಮಿ. ಅವರಿಗೆ ಮೊದಲೇ ಗೊತ್ತಿರುವುದನ್ನು ನಾವು ದೊಡ್ಡವರು ಈಗ ನೋಡುತ್ತಿದ್ದೇವೆ.

ನನ್ನ ಮಗಳು ಈ ನಾಟಕಕ್ಕೆ ಲೈಟಿಂಗ್ ಮಾಡುತ್ತಾಳೆ. ಮೊದಲ ಪ್ರಯೋಗ ಮುಗಿಸಿ ಸಾಮಾನು ಕಟ್ಟುವಾಗ ವೈರ್ ಸುತ್ತುತ್ತಾ ಒಂದು ಮಾತು ಹೇಳಿದಳು. ‘ಅಪ್ಪ, ನಾಟಕದಲ್ಲಿ ನೀನು ಬೈದ ಮೇಲೆ ಅವನ ಉತ್ತರ ಕೇಳೋಕೆ ನಿಂತ್ಕೊಳ್ತೀಯ. ಮನೇಲಿ ಬೈದು ಎದ್ದು ಹೋಗಿಬಿಡ್ತೀಯ.’ ಅವಳು ಸಿಟ್ಟಿನಿಂದ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾನು ಈ ಪತ್ರದಲ್ಲಿ ಹೇಳಬೇಕಾದ್ದೆಲ್ಲ ಆ ಮಾತಿನಲ್ಲೇ ಇದೆ. ಮನೆಯ ಜಗಳ ಯಾವತ್ತೂ ಪೂರ್ತಿಯಾಗುವುದಿಲ್ಲ. ಯಾರೋ ಎದ್ದು ಹೋಗುತ್ತಾರೆ, ಇಲ್ಲಾ ಬಾಗಿಲು ಹಾಕಿಕೊಳ್ಳುತ್ತಾರೆ, ಇಲ್ಲಾ ಫೋನ್ ಬರುತ್ತದೆ. ರಂಗದ ಮೇಲೆ ಮಾತ್ರ ಇಬ್ಬರೂ ಕೊನೆಯ ಮಾತಿನವರೆಗೆ ನಿಂತಿರಲೇಬೇಕು, ನೋಡುವವರೂ ಕೂತಿರಲೇಬೇಕು.

ಇದು ಈಗಿನ ಫ್ಯಾಷನ್ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಗ್ರೀಸಿನ ಸೊಫೊಕ್ಲೀಸ್ ‘ಆಂಟಿಗೊನೆ’ ಬರೆದು 2,400 ವರ್ಷಕ್ಕೂ ಜಾಸ್ತಿ ಆಯಿತು. ಅದರಲ್ಲಿ ಹೈಮನ್ ಎಂಬ ಹುಡುಗ ರಾಜನಾದ ಅಪ್ಪ ಕ್ರೆಯಾನ್‌ನ ಎದುರು ನಿಲ್ಲುತ್ತಾನೆ. ತಾನು ಮದುವೆಯಾಗಬೇಕಾದ ಹುಡುಗಿಗೆ ಅಪ್ಪ ಸಾವಿನ ಶಿಕ್ಷೆ ಕೊಟ್ಟಿದ್ದಾನೆ. ಆದರೂ ಹುಡುಗ ಮೊದಲು ಕೂಗಾಡುವುದಿಲ್ಲ. ಅಪ್ಪಾ, ನಾನು ನಿನ್ನವನೇ ಅಂತಲೇ ಶುರು ಮಾಡುತ್ತಾನೆ. ಹೊಳೆ ಉಕ್ಕಿ ಬಂದಾಗ ಬಾಗಿದ ಮರದ ಕೊಂಬೆ ಉಳಿಯುತ್ತದೆ, ಸೆಟೆದು ನಿಂತದ್ದು ಬುಡಸಮೇತ ಕಿತ್ತು ಹೋಗುತ್ತದೆ ಅನ್ನುತ್ತಾನೆ. ಅಪ್ಪನ ಉತ್ತರ ಏನು ಗೊತ್ತಾ? ಈ ವಯಸ್ಸಿನಲ್ಲಿ ನಾವು ಇಂಥ ಚಿಕ್ಕವನಿಂದ ಬುದ್ಧಿ ಕಲಿಯಬೇಕಾ ಅನ್ನುವುದು. ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಆ ನಾಟಕದಲ್ಲಿ ಹಿರಿಯರ ಮೇಳ ಒಂದಿದೆ. ಇಬ್ಬರೂ ಸರಿಯಾಗಿಯೇ ಮಾತಾಡಿದ್ದೀರಿ, ನೀನು ಅವನಿಂದ ಕಲಿ, ಅವನು ನಿನ್ನಿಂದ ಕಲಿಯಲಿ ಎಂದು ಹೇಳುತ್ತದೆ. ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಮುಂದಿನ ಅನಾಹುತವೆಲ್ಲ ಅಲ್ಲಿಂದ.

ನಮ್ಮಲ್ಲೇ ನೋಡಿ. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಬಂತು. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ಓದಲು ಆಕ್ಸ್‌ಫರ್ಡ್‌ಗೆ ಹೊರಡುವ ತಯಾರಿಯ ಹೊತ್ತಿನಲ್ಲಿ, ಮನೆಯವರ ಆತಂಕ, ತಮ್ಮ ತಳಮಳ ಎಲ್ಲದರ ನಡುವೆ ಅದನ್ನು ಬರೆದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅಪ್ಪ ಯಯಾತಿಯ ಮುಪ್ಪನ್ನು ಮಗ ಪುರು ಹೊರುವ ಕಥೆ ಮಹಾಭಾರತದ್ದು, ಮಗನ ತ್ಯಾಗವನ್ನು ನಾವೆಲ್ಲ ಹೊಗಳಿಕೊಂಡೇ ಬಂದಿದ್ದೆವು. ಕಾರ್ನಾಡರು ಪುರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ಯಯಾತಿಯ ಎದುರು ನಿಲ್ಲಿಸಿದರು. ಮಗನ ಯೌವನವನ್ನು ಅಪ್ಪ ತೆಗೆದುಕೊಂಡರೆ ಆ ಮಗನನ್ನು ನಂಬಿ ಬಂದವಳ ಗತಿ ಏನು ಅನ್ನುವ ಪ್ರಶ್ನೆ ಅಲ್ಲಿಗೆ ಬಂತು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರ ಬದುಕನ್ನು ನಾವು ಬದುಕಲು ಹೋಗುತ್ತೇವಲ್ಲ, ನಾನು ಆಗದ ಎಂಜಿನಿಯರ್ ನೀನಾಗು ಅನ್ನುತ್ತೇವಲ್ಲ, ಅದು ಯಯಾತಿ ಕೇಳಿದ್ದಕ್ಕಿಂತ ತುಂಬಾ ದೂರ ಇದೆ ಅಂತ ನನಗೆ ಅನ್ನಿಸುವುದಿಲ್ಲ.

ಪತ್ರ ಬರೆದ ಹಿರಿಯರ ಎರಡು ಮಾತನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ. ಅಪ್ಪನನ್ನು ಬರೀ ರಾಕ್ಷಸನನ್ನಾಗಿ ತೋರಿಸುವ ನಾಟಕಗಳು ಇವೆ, ಅವು ಯಾರಿಗೂ ಉಪಕಾರ ಮಾಡುವುದಿಲ್ಲ. ಅಂಥ ಅಪ್ಪನನ್ನು ನೋಡಿ ಸಭಾಂಗಣದಲ್ಲಿ ಕೂತ ಅಪ್ಪ ‘ನಾನು ಇವನಲ್ಲ’ ಅಂದುಕೊಂಡು ನಿರಾಳವಾಗಿ ಮನೆಗೆ ಹೋಗುತ್ತಾನೆ. ಜಾನ್ ಆಸ್ಬರ್ನ್‌ನ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ 1956ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಬಂದಾಗ ಅದು ಸಿಟ್ಟಿನ ಹುಡುಗರ ನಾಟಕ ಎಂದೇ ಹೆಸರಾಯಿತು. ನನಗೆ ಅದರಲ್ಲಿ ಎಲ್ಲಕ್ಕಿಂತ ಹತ್ತಿರವಾದವರು ಆ ಮುದಿ ಕರ್ನಲ್, ನಾಯಕನ ಮಾವ. ಮಗಳು ಅವರ ಹತ್ತಿರ ಹೇಳುತ್ತಾಳೆ, ಎಲ್ಲ ಬದಲಾಗಿಹೋಯಿತು ಅಂತ ನಿಮಗೆ ನೋವು, ಏನೂ ಬದಲಾಗಲಿಲ್ಲ ಅಂತ ನನ್ನ ಗಂಡನಿಗೆ ನೋವು. ಅಷ್ಟು ಸಿಟ್ಟಿನ ನಾಟಕ ಬರೆದವನು ಮುದುಕನ ನೋವಿಗೂ ಜಾಗ ಬಿಟ್ಟಿದ್ದ. ನಮ್ಮ ತಂಡದ ಹುಡುಗರು ಮೊದಲು ಬರೆದ ಅಪ್ಪನಿಗೆ ಬೈಗುಳ ಬಿಟ್ಟು ಬೇರೆ ಮಾತೇ ಇರಲಿಲ್ಲ. ನಾನು ಹಟ ಹಿಡಿದು ಎರಡು ಪುಟ ಸೇರಿಸಿದೆ. ಮಗ ಮಲಗಿದ ಮೇಲೆ ಅಪ್ಪ ಅವನ ಬ್ಯಾಗ್ ಬಿಚ್ಚಿ ಒಂದೊಂದೇ ನೋಟ್‌ಬುಕ್ ನೋಡುವ ಜಾಗ ಅದು. ಮೂರು ತಿಂಗಳಿಂದ ಒಂದು ಅಕ್ಷರ ಬರೆದಿಲ್ಲ, ತಾರೀಖು ಮಾತ್ರ ದಿನಾ ಹಾಕಿದ್ದಾನೆ. ಆ ಖಾಲಿ ಪುಟಗಳನ್ನು ತಿರುವುವಾಗ ಅಪ್ಪನಿಗೆ ಸಿಟ್ಟು ಬರುವುದಿಲ್ಲ, ಭಯ ಬರುತ್ತದೆ. ಬೆಳಿಗ್ಗೆ ಆ ಭಯವೇ ಸಿಟ್ಟಿನ ವೇಷ ಹಾಕಿಕೊಂಡು ಬರುತ್ತದೆ. ಇದನ್ನು ನೋಡಿದ ಮಕ್ಕಳು ಆಮೇಲೆ ನಮ್ಮನ್ನು ಜಾಸ್ತಿ ಕೇಳುವುದು ಆ ನೋಟ್‌ಬುಕ್ಕಿನ ಬಗ್ಗೆ.

ಇನ್ನೊಂದು, ಸಾವಿನ ವಿಷಯ. ಮಗ ಸತ್ತ ಮೇಲೆ ಅಪ್ಪ ಅಮ್ಮನಿಗೆ ಬುದ್ಧಿ ಬಂತು, ಹೆಣದ ಮುಂದೆ ಗೋಳಾಡಿ ಕ್ಷಮೆ ಕೇಳಿದರು ಎಂದು ಮುಗಿಯುವ ನಾಟಕಗಳನ್ನು ನಾನು ಕೂಡ ವಿರೋಧಿಸುತ್ತೇನೆ. ನೊಂದ ಹುಡುಗನಿಗೆ ಅದು ಹೇಳುವುದು ಒಂದೇ, ‘ನಾನು ಸತ್ತರೆ ಆಗ ಗೊತ್ತಾಗುತ್ತೆ ಇವರಿಗೆ’ ಅಂತ. ಅದಕ್ಕಿಂತ ಅಪಾಯದ ಮಾತನ್ನು ರಂಗದ ಮೇಲಿಂದ ಹೇಳಲು ಸಾಧ್ಯವಿಲ್ಲ. ಆದರೆ ಆ ಭಯಕ್ಕೆ ವಿಷಯವನ್ನೇ ಮುಚ್ಚಿಡುವುದು ಉತ್ತರವಾಗುತ್ತದಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ ಮತ್ತು ರಂಗಭೂಮಿಯವರಿಗೆ ಎಂದೇ ಒಂದು ಕೈಪಿಡಿ ತಂದಿತು. ಸಾಯುವ ವಿಧಾನವನ್ನು ತೋರಿಸಬೇಡಿ, ಕಷ್ಟದಿಂದ ಹೊರಬಂದವರನ್ನು ತೋರಿಸಿ, ಸಹಾಯ ಎಲ್ಲಿ ಹೇಗೆ ಸಿಗುತ್ತದೆ ಎಂದು ತೋರಿಸಿ, ಮನೋವೈದ್ಯರನ್ನೂ ಆ ನೋವನ್ನು ಅನುಭವಿಸಿದವರನ್ನೂ ಕೇಳಿ ಬರೆಯಿರಿ, ನಾಟಕದ ಮೊದಲೇ ಪ್ರೇಕ್ಷಕರಿಗೆ ಒಂದು ಮಾತು ತಿಳಿಸಿ ಅಂತೆಲ್ಲ ಅದರಲ್ಲಿದೆ. ವಿಷಯವನ್ನು ಮುಟ್ಟಲೇಬೇಡಿ ಅಂತ ಅಲ್ಲಿ ಬರೆದಿಲ್ಲ. ಜಗತ್ತಿನಲ್ಲಿ 15ರಿಂದ 29 ವಯಸ್ಸಿನವರ ಸಾವಿಗೆ ಆತ್ಮಹತ್ಯೆ ಮೂರನೇ ದೊಡ್ಡ ಕಾರಣ ಎಂದು ಹೇಳಿದ್ದೂ ಅದೇ ಸಂಸ್ಥೆ. ನಾವು ಕೊನೆಯ ದೃಶ್ಯವನ್ನು ಒಬ್ಬ ಮನೋವೈದ್ಯರಿಗೆ ಓದಿ ತೋರಿಸಿ ನಾಲ್ಕು ಸಲ ತಿದ್ದಿದ್ದೇವೆ. ಅಜ್ಜ ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು, ನಾಳೆ ಅಂತ ಒಂದು ದಿನ ಹೇಳುವುದು, ಜೊತೆಗೆ ಬರ್ತೀನಿ ಅನ್ನುವುದು ಎಲ್ಲ ಆ ತಿದ್ದುಪಡಿಯಲ್ಲಿ ಬಂದದ್ದು.

ಮುಚ್ಚಿಟ್ಟರೆ ಏನಾಗುತ್ತದೆ ಎಂದು ಫ್ರಾಂಕ್ ವೆಡೆಕಿಂಡ್ ನೂರು ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದಾನೆ. ಜರ್ಮನ್ ಭಾಷೆಯ ಆ ನಾಟಕವನ್ನು ಇಂಗ್ಲಿಷಿನಲ್ಲಿ ‘ಸ್ಪ್ರಿಂಗ್ ಅವೇಕನಿಂಗ್’ ಅನ್ನುತ್ತಾರೆ. 1891ರಲ್ಲಿ ಅಚ್ಚಾಯಿತು, ರಂಗಕ್ಕೆ ಬರಲು 15 ವರ್ಷ ಕಾಯಬೇಕಾಯಿತು. 1906ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್ ಆಡಿಸಿದಾಗಲೂ ಸೆನ್ಸಾರ್ ಕತ್ತರಿ ಹಾಕಿಯೇ ಬಿಟ್ಟದ್ದು. ಮಗು ಹೇಗೆ ಹುಟ್ಟುತ್ತದೆ ಎಂದು ಕೇಳಿದ ಮಗಳಿಗೆ ಅಮ್ಮ ನಾಚಿಕೊಂಡು ನಿಜ ಹೇಳುವುದಿಲ್ಲ, ಆ ಹುಡುಗಿ ಏನೂ ಗೊತ್ತಿಲ್ಲದೆ ಬಸಿರಾಗಿ ಸಾಯುತ್ತಾಳೆ. ಓದಿನ ಭಾರಕ್ಕೆ ಸೋತ ಮೋರಿಟ್ಸ್ ಎಂಬ ಹುಡುಗ ಪ್ರಾಣ ಕಳೆದುಕೊಳ್ಳುತ್ತಾನೆ. ಅವನನ್ನು ಹೂಳುವಾಗ ಅಪ್ಪ ನಿಂತು ಇವನು ನನ್ನ ಮಗನೇ ಅಲ್ಲ ಅನ್ನುತ್ತಾನೆ. ಅವನ ಗೆಳೆಯನನ್ನು ಶಾಲೆಯಿಂದ ತೆಗೆಯಬೇಕೋ ಬೇಡವೋ ಎಂದು ನಿರ್ಧರಿಸಲು ಮೇಷ್ಟ್ರುಗಳು ಸಭೆ ಸೇರುತ್ತಾರೆ. ಸೇರಿ ಅವರು ಚರ್ಚೆ ಮಾಡುವುದು ಕೋಣೆಯ ಕಿಟಕಿ ತೆಗೆಯಬೇಕಾ ಬೇಡವಾ ಅಂತ. ಒಂದು ಮಗು ಸತ್ತಿದೆ, ಇನ್ನೊಂದು ಮಗುವಿನ ಬದುಕು ಅವರ ಕೈಯಲ್ಲಿದೆ, ಅವರು ಕಿಟಕಿಯ ಮಾತಾಡುತ್ತಿದ್ದಾರೆ. ಆ ಪುಟ ಓದುವಾಗ ನನಗೆ ನಗು ಬರಲಿಲ್ಲ. ಹೊಟ್ಟೆ ತಣ್ಣಗಾಯಿತು.

ಅದರ ಕೊನೆಯ ದೃಶ್ಯ ಸ್ಮಶಾನದಲ್ಲಿ. ಸತ್ತ ಮೋರಿಟ್ಸ್ ಗೋರಿಯಿಂದ ಎದ್ದು ಬಂದು ಗೆಳೆಯನನ್ನು ಕರೆಯುತ್ತಾನೆ, ಬಾ, ಇಲ್ಲಿ ನೋವಿಲ್ಲ, ಚೆನ್ನಾಗಿದೆ ಅನ್ನುತ್ತಾನೆ. ಗೆಳೆಯ ಕೈ ಚಾಚುವ ಹೊತ್ತಿಗೆ ಮುಸುಕು ಹಾಕಿದ ಒಬ್ಬ ಮನುಷ್ಯ ಅಡ್ಡ ಬರುತ್ತಾನೆ. ನೀನು ಹೇಳುತ್ತಿರುವುದು ಸುಳ್ಳು ಅಲ್ವಾ ಎಂದು ಸತ್ತವನನ್ನೇ ಕೇಳುತ್ತಾನೆ. ಹುಡುಗ ಬದುಕಿನ ಕಡೆಗೆ, ಆ ಮನುಷ್ಯನ ಜೊತೆ ಹೊರಡುತ್ತಾನೆ. 1906ರಲ್ಲಿ ಆ ಮುಸುಕಿನ ಮನುಷ್ಯನ ಪಾತ್ರವನ್ನು ವೆಡೆಕಿಂಡ್ ತಾನೇ ಮಾಡಿದ. ಮಿಕ್ಕ ಪಾತ್ರಗಳನ್ನೆಲ್ಲ ಬೇರೆಯವರಿಗೆ ಬಿಟ್ಟು ಇದೊಂದನ್ನು ತಾನೇ ಯಾಕೆ ಮಾಡಿದನೋ, ನಾನಂತೂ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದೇನೆ. ಆ ನಾಟಕದಿಂದ ಕೊನೆಯ ದೃಶ್ಯ ಕತ್ತರಿಸಿದರೆ ಉಳಿಯುವುದು ಬರೀ ಎರಡು ಹೆಣ.

ನಮ್ಮ ಎರಡನೇ ಪ್ರಯೋಗದ ಒಂದು ಘಟನೆ ಹೇಳಿಬಿಡುತ್ತೇನೆ. ಬ್ರೆಜಿಲ್‌ನ ಅಗಸ್ಟೋ ಬೋಲ್ ತೋರಿಸಿಕೊಟ್ಟ ಒಂದು ಪದ್ಧತಿ ಇದೆ. ನಾಟಕ ಮುಗಿದ ಮೇಲೆ ಒಂದು ದೃಶ್ಯವನ್ನು ಮತ್ತೆ ಆಡುವುದು, ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಅಂದು ರಂಗಕ್ಕೆ ಬಂದು ಒಂದು ಪಾತ್ರದ ಜಾಗದಲ್ಲಿ ನಿಂತು ತಮಗೆ ತೋಚಿದಂತೆ ಆಡುವುದು. ಫೋರಂ ಥಿಯೇಟರ್ ಅನ್ನುತ್ತಾರೆ. ನಾವು ಜಗಳದ ದೃಶ್ಯವನ್ನು ಹಾಗೆ ಬಿಟ್ಟೆವು. ಯಾರೋ ಹುಡುಗರು ಬರುತ್ತಾರೆ ಅಂದುಕೊಂಡಿದ್ದೆ. ನಾಲ್ಕನೇ ಸಾಲಿನಿಂದ ನನ್ನದೇ ವಯಸ್ಸಿನ ಒಬ್ಬರು ಎದ್ದು ಬಂದರು. ಪಕ್ಕದಲ್ಲಿ ಅವರ ಮಗ ಕೂತಿದ್ದ. ಬಂದವರು ಅಪ್ಪನ ಪಾತ್ರ ಬೇಡ, ಮಗನ ಜಾಗದಲ್ಲಿ ನಿಲ್ಲುತ್ತೇನೆ ಅಂದರು. ನಾನು ನನ್ನ ಮಾತು ಹೇಳಿದೆ, ‘ನಿನಗೋಸ್ಕರ ಏನೆಲ್ಲ ಮಾಡಿದೆ, ಏನು ಕಡಿಮೆ ಮಾಡಿದ್ದೆ, ಈಗ ಹೇಳು’ ಅಂತ. ಅವರು ಸುಮ್ಮನೆ ನಿಂತರು. ಬಹಳ ಹೊತ್ತು. ಸಭಾಂಗಣದಲ್ಲಿ ಒಂದು ಕೆಮ್ಮು ಇಲ್ಲ. ಆಮೇಲೆ ಮೆಲ್ಲಗೆ ಹೇಳಿದರು, ‘ಅಪ್ಪಾ, ನೀನು ಬಾಗಿಲಿಗೆ ಅಡ್ಡ ನಿಂತಿದ್ದೀಯ. ಸ್ವಲ್ಪ ಆ ಕಡೆ ಕೂತ್ಕೊ. ಆಮೇಲೆ ಹೇಳ್ತೀನಿ.’

ಎರಡು ತಿಂಗಳು ತಾಲೀಮು ಮಾಡಿದ್ದೆವು. ಜಗಳದ ಪೂರ್ತಿ ನಾನು ಬಾಗಿಲಿಗೆ ಅಡ್ಡ ನಿಂತೇ ಮಾತಾಡುತ್ತೇನೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಾನು ಹೋಗಿ ಕುರ್ಚಿಯಲ್ಲಿ ಕೂತೆ. ಅವರು ಎದುರಿಗೆ ನೆಲದ ಮೇಲೆ ಕೂತರು. ಅವರು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರದ್ದು, ಅವರ ಮಗನದ್ದು. ಹುಡುಗ ಮೊಬೈಲನ್ನು ಜೇಬಿಗೆ ಹಾಕಿ ಮುಂದಕ್ಕೆ ಬಾಗಿ ಕೂತು ಕೇಳುತ್ತಿದ್ದದ್ದು ನನಗೆ ರಂಗದ ಮೇಲಿಂದ ಕಾಣುತ್ತಿತ್ತು.

ಇಂಥ ನಾಟಕಕ್ಕೆ ಮಕ್ಕಳನ್ನು ಮಾತ್ರ ಸಾಲಾಗಿ ಕರೆತಂದು ಕೂರಿಸಿ, ಮುಗಿದ ತಕ್ಷಣ ಸಾಲಾಗಿ ಕರೆದುಕೊಂಡು ಹೋಗುವುದು ನನಗೂ ಇಷ್ಟವಿಲ್ಲ. ಅದರಿಂದ ಅರ್ಧ ಕೆಲಸವೂ ಆಗುವುದಿಲ್ಲ. ‘ಈ ನಾಟಕದಿಂದ ಏನು ಕಲಿತಿರಿ’ ಎಂದು ಮೈಕ್ ಹಿಡಿದು ಕೇಳುವುದಂತೂ ಬೇಡವೇ ಬೇಡ.

ಆ ಶಾಲೆಯವರು ಈ ಪತ್ರ ಓದುತ್ತಾರೋ ಇಲ್ಲವೋ. ಓದಿದರೆ ನಮ್ಮ ಮಾತು ಇಷ್ಟು. ನಾವು ಈಗಲೂ ಬರಲು ತಯಾರಿದ್ದೇವೆ. ದುಡ್ಡು ಬೇಡ. ಮೂರು ಕುರ್ಚಿ, ಒಂದು ಬಾಗಿಲ ಚೌಕಟ್ಟು, ಆರು ಲೈಟು ನಾವೇ ತರುತ್ತೇವೆ. ಕೊನೆಯ ದೃಶ್ಯ ಇರಬೇಕು. ಮಕ್ಕಳ ಪಕ್ಕದಲ್ಲೇ ಅವರ ಅಪ್ಪನೋ ಅಮ್ಮನೋ ಮನೆಯ ಹಿರಿಯರೋ ಕೂರಬೇಕು. ಒಬ್ಬ ಆಪ್ತಸಮಾಲೋಚಕರು ಆವತ್ತು ಅಲ್ಲೇ ಇರಬೇಕು, ಆಮೇಲೂ ಎಲ್ಲಿ ಸಿಗುತ್ತಾರೆ ಎಂದು ಮಕ್ಕಳಿಗೆ ತಿಳಿಸಬೇಕು. ಮುಗಿದ ಮೇಲೆ ಅರ್ಧ ಗಂಟೆ ಸಭಾಂಗಣವನ್ನು ನಮಗೆ ಬಿಟ್ಟುಕೊಡಬೇಕು.

ಪತ್ರ ಬರೆದ ಹಿರಿಯರೂ ದಯವಿಟ್ಟು ಬರಲಿ, ಅವರಿಗೆ ಮುಂದಿನ ಸಾಲಿನಲ್ಲೇ ಜಾಗ ಇಡುತ್ತೇವೆ. ಮೊದಲ ಸಲ ಸುಮ್ನೆ ಕೂತು ನೋಡಲಿ. ಎರಡನೇ ಸಲ ಆಡುವಾಗ, ಅವರಿಗೆ ಒಪ್ಪಿಗೆಯಾದರೆ, ಮೂಲೆಯ ಆ ಅಜ್ಜನ ಕುರ್ಚಿಯಲ್ಲಿ ಕೂತು, ಹುಡುಗ ಬಾಗಿಲು ತೆಗೆಯುವ ಹೊತ್ತಿಗೆ ತಾವಾದರೆ ಏನು ಮಾಡುತ್ತಿದ್ದರು ಎಂದು ಅವರೇ ಮಾಡಿ ತೋರಿಸಲಿ ಎಂದು ನನಗೆ ತುಂಬಾ ಆಸೆ ಇದೆ.

ಇಂತಿ,
ಅಪ್ಪನ ಪಾತ್ರ ಮಾಡುವ ಒಬ್ಬ ಓದುಗ